ಕಾರ್ನರ್‌ನಲ್ಲಿ ನಿಂತ ಹುಡುಗನಿಗೆ ರೇಟು ಕಟ್ಟೋದು ಹೇಗೆ?

2025ರ ಮೇ 31 ಮತ್ತು ಜೂನ್ 1ರಂದು ಮುಂಬೈನಲ್ಲಿ ಪ್ರೊ ಕಬಡ್ಡಿ ಲೀಗ್ 12ನೇ ಆವೃತ್ತಿಯ ಹರಾಜು ನಡೀತು. ಅವತ್ತು ಅತಿ ಹೆಚ್ಚು ಬೆಲೆಗೆ ಹೋದವನು ರೇಡರ್ ಅಲ್ಲ. ಇರಾನಿನ ಮೊಹಮ್ಮದ್ರೇಜಾ ಶಾದ್ಲೂಯಿ. ಲೆಫ್ಟ್ ಕಾರ್ನರ್‌ನಲ್ಲಿ ನಿಂತು ಕಾಲು ಹಿಡಿಯೋ ಆಲ್‌ರೌಂಡರ್. ಗುಜರಾತ್ ಜೈಂಟ್ಸ್ ಕೊಟ್ಟಿದ್ದು 2.23 ಕೋಟಿ. ಪಟ್ನಾ ಪೈರೇಟ್ಸ್ ಅಂಕಿತ್ ಜಗ್ಲಾನ್‌ಗೆ 1.573 ಕೋಟಿ ಸುರಿಯಿತು. ನಮ್ಮ ಬೆಂಗಳೂರು ಬುಲ್ಸ್ ಕೂಡ ಯೋಗೇಶ್ ದಹಿಯಾ ಎಂಬ ಡಿಫೆಂಡರ್‌ಗೆ 1.125 ಕೋಟಿ ಕೊಟ್ಟು ತಂದಿತು.

2014ರಲ್ಲಿ ಲೀಗ್ ಶುರುವಾದಾಗ ಅತಿ ದುಬಾರಿ ಆಟಗಾರನ ಬೆಲೆ 12.80 ಲಕ್ಷ. ಅದು ರಾಕೇಶ್ ಕುಮಾರ್. ಹನ್ನೊಂದು ವರ್ಷಗಳಲ್ಲಿ ಬೆಲೆ ಲಕ್ಷದಿಂದ ಕೋಟಿಗೆ ಹೋಗಿದೆ ಅನ್ನೋದು ಎಲ್ಲರಿಗೂ ಗೊತ್ತಿರೋ ಸುದ್ದಿ. ಹಿಡಿಯೋನಿಗೂ ಕೋಟಿ ಸಿಗ್ತಿದೆ ಅನ್ನೋದು ಅಷ್ಟಾಗಿ ಚರ್ಚೆಯಾಗದ ಸುದ್ದಿ. ನನ್ನ ತಲೆ ತಿನ್ನುವ ಪ್ರಶ್ನೆ ಅಲ್ಲಿಂದ ಶುರುವಾಗುತ್ತೆ. ಕಾರ್ನರ್ ಆಟಗಾರ ಒಳ್ಳೆಯವನೋ ಅಲ್ಲವೋ ಅಂತ ಯಾರು, ಯಾವುದನ್ನ ನೋಡಿ ತೀರ್ಮಾನ ಮಾಡ್ತಾರೆ? ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಡಿಗ್ರಿ ಓದ್ತಾ ಸಂಜೆ ಮಣ್ಣಿನ ಅಂಕಣದಲ್ಲಿ ಆಡೋ ಹುಡುಗ ಆ ತೀರ್ಮಾನದ ಒಳಗೆ ಬರೋದಾದರೂ ಹೇಗೆ?

ಮೊದಲು ಆಟ. ಗೊತ್ತಿರೋರು ಈ ಪ್ಯಾರಾ ಹಾರಿಸಿಕೊಂಡು ಹೋಗಬಹುದು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಏಳು ಜನ ಡಿಫೆಂಡರ್‌ಗಳಲ್ಲಿ ಎರಡು ತುದಿಗೆ ನಿಲ್ಲೋರು ಕಾರ್ನರ್‌ಗಳು. ಪಕ್ಕದ 'ಇನ್' ಆಟಗಾರನ ಕೈ ಹಿಡ್ಕೊಂಡು, ರೇಡರ್‌ನ ಪಾದ ನೋಡ್ತಾ ನಿಲ್ಲೋರು. ಆರು ಅಥವಾ ಏಳು ಜನ ಅಂಕಣದಲ್ಲಿದ್ದಾಗ ರೇಡರ್‌ಗೆ ಬೋನಸ್ ಗೆರೆ ದಾಟೋ ಆಸೆ ಇರುತ್ತೆ. ಹಾಗೆ ದಾಟಬೇಕಾದರೆ ಒಂದು ಕಾಲು ಗಾಳಿಯಲ್ಲಿರಬೇಕು, ಇನ್ನೊಂದು ಮುಂದಕ್ಕೆ ಚಾಚಬೇಕು. ಆ ಅರೆಗಳಿಗೆಯೇ ಕಾರ್ನರ್‌ನ ಅನ್ನ. ಬೇಗ ಬಿದ್ದರೆ ರೇಡರ್ ಮುಟ್ಟಿಕೊಂಡು ಓಡ್ತಾನೆ, ತಡವಾದರೆ ಬೋನಸ್ ಹೋಗಿರುತ್ತೆ. ಬೇಗ ಬೀಳೋದಕ್ಕೆ ಕಾಮೆಂಟರಿಯವರು 'ಅಡ್ವಾನ್ಸ್ ಟ್ಯಾಕಲ್' ಅಂತಾರೆ. ನಮ್ಮ ಮಂಡ್ಯ ಕಡೆ ಅಷ್ಟು ನಾಜೂಕಿಲ್ಲ, "ಯಾಕ್ಲಾ ಆತ್ರ ನಿಂಗೆ?" ಅಂತ ಅಂಕಣದಾಚೆಯಿಂದಲೇ ಬೈತಾರೆ.

ಈಗ ಅಂಕಿಸಂಖ್ಯೆಗೆ ಬರೋಣ. ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು, ಸಂಖ್ಯೆ ಕಂಡರೆ ಮೊದಲು ಅನುಮಾನ ಬರೋದು ಅಲ್ಲಿ ಕಲಿತ ಒಂದೇ ಉಪಯೋಗದ ವಿದ್ಯೆ. ಟಿವಿಯಲ್ಲಿ ಡಿಫೆಂಡರ್‌ನ ಹೆಸರಿನ ಕೆಳಗೆ ತೋರಿಸೋದು ಟ್ಯಾಕಲ್ ಅಂಕ. ಒಂದು ಪಂದ್ಯದಲ್ಲಿ ಐದು ಬಂದರೆ 'ಹೈ ಫೈವ್'. 2018ರ 6ನೇ ಆವೃತ್ತಿಯಲ್ಲಿ ಯುಪಿ ಯೋಧಾದ ರೈಟ್ ಕಾರ್ನರ್ ನಿತೇಶ್ ಕುಮಾರ್ ಒಂದೇ ಆವೃತ್ತಿಯಲ್ಲಿ 100 ಟ್ಯಾಕಲ್ ಅಂಕ ಮುಟ್ಟಿದ ಮೊದಲ ಆಟಗಾರನಾದ. ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಡುಗರನ್ನ ಆರಿಸೋಕೆ ಇದೇ ಸಂಖ್ಯೆ ಸಾಕು ಅಂದುಕೊಂಡರೆ ಎಡವಟ್ಟಾಗುತ್ತೆ.

ಒಂದು ಲೆಕ್ಕ ಮಾಡೋಣ. ಒಬ್ಬ ಕಾರ್ನರ್ ಕಡೆಗೆ 30 ರೇಡ್ ಬಂದವು ಅಂತಿಟ್ಟುಕೊಳ್ಳಿ. ಮೊದಲನೆಯವನು 20 ಸಲ ಮೈಮೇಲೆ ಬಿದ್ದ, 10 ಸಲ ಹಿಡಿದ, 10 ಸಲ ತಪ್ಪಿಸಿಕೊಂಡ. ಎರಡನೆಯವನು 8 ಸಲ ಮಾತ್ರ ಬಿದ್ದ, 5 ಹಿಡಿದ, 3 ತಪ್ಪಿತು. ಉಳಿದ ರೇಡುಗಳು ಇಬ್ಬರ ಕಡೆಯೂ ಖಾಲಿ ಹೋದವು ಅಂದುಕೊಳ್ಳಿ. ಸ್ಕೋರ್ ಕಾರ್ಡ್‌ನಲ್ಲಿ ಮೊದಲನೆಯವನದು 10 ಅಂಕ, ಎರಡನೆಯವನದು 5. ಟಿವಿಯವರು ಮೊದಲನೆಯವನ ಮುಖ ತೋರಿಸ್ತಾರೆ. ತಂಡಕ್ಕೆ ಬಂದ ಲಾಭ? ಮೊದಲನೆಯವನು ತಂದಿದ್ದು 10, ಕೊಟ್ಟಿದ್ದು ಕಮ್ಮಿ ಅಂದರೂ 10. ಸೊನ್ನೆ. ಎರಡನೆಯವನಿಂದ 2 ಅಂಕ ಉಳಿತಾಯ. ಅದರ ಮೇಲೆ ಅವನ ಕಡೆ 22 ರೇಡ್ ಖಾಲಿ ಹೋಗಿವೆ. ಎರಡು ಖಾಲಿ ರೇಡ್ ಆದ ಮೇಲೆ ಮೂರನೆಯದು 'ಡು ಆರ್ ಡೈ', ಅಂಕ ತರದಿದ್ದರೆ ರೇಡರ್ ಔಟ್. ಅಂದರೆ ಸುಮ್ಮನೆ ನಿಲ್ಲೋದು ಕೂಡ ಎದುರಾಳಿಯನ್ನ ಮೂಲೆಗೆ ತಳ್ಳೋ ಕೆಲಸ. ಆ ಕೆಲಸಕ್ಕೆ ಯಾವ ಕಾಲಂನಲ್ಲೂ ಅಂಕ ಇಲ್ಲ.

ಇನ್ನೊಂದು ಮೋಸ ಇದೆ. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ರೇಡರ್‌ನ ಹಿಡಿದರೆ 'ಸೂಪರ್ ಟ್ಯಾಕಲ್', ಎರಡು ಅಂಕ. ಯಾವ ತಂಡದಲ್ಲಿ ಪದೇ ಪದೇ ಮೂರೇ ಜನ ಉಳೀತಾರೆ? ಸೋಲ್ತಾ ಇರೋ ತಂಡದಲ್ಲಿ. ಹಾಗಾಗಿ ಕೆಟ್ಟ ತಂಡದ ಕಾರ್ನರ್‌ಗೆ ಅಂಕ ಗಳಿಸೋ ಅವಕಾಶ ಜಾಸ್ತಿ. ಜೊತೆಗೆ ಹಿಡಿತದ ಅಂಕ ಒಬ್ಬನ ಹೆಸರಿಗೇ ಹೋಗುತ್ತೆ. ಕವರ್‌ನಿಂದ ಬಂದು ಡ್ಯಾಶ್ ಹೊಡೆದು ರೇಡರ್‌ನ ಆಚೆ ತಳ್ಳಿದವನಿಗೆ ಅಂಕ ಸಿಕ್ಕರೆ, ರೇಡರ್‌ನ ಆ ಜಾಗಕ್ಕೆ ಓಡಿಸಿಕೊಂಡು ಬಂದ ಕಾರ್ನರ್‌ನ ಹೆಸರು ಎಲ್ಲೂ ಬರಲ್ಲ.

ಎಲ್ಲಕ್ಕಿಂತ ದೊಡ್ಡ ಕಿತಾಪತಿ ಅಂದ್ರೆ, ಒಳ್ಳೆ ಕಾರ್ನರ್ ಇರೋ ಕಡೆ ಬುದ್ಧಿವಂತ ರೇಡರ್ ಹೋಗೋದೇ ಇಲ್ಲ. ಇದನ್ನ ನಮಗಿಂತ ಮೊದಲೇ ತಲೆಕೆಡಿಸಿಕೊಂಡು ಅರ್ಥ ಮಾಡಿಕೊಂಡವರು ಅಮೆರಿಕನ್ ಫುಟ್‌ಬಾಲ್‌ನವರು. ಅಲ್ಲಿ 'ಕಾರ್ನರ್‌ಬ್ಯಾಕ್' ಅಂತ ಒಂದು ಜಾಗ. ಎದುರಾಳಿಯ ಚೆಂಡು ಹಿಡಿಯೋ ಓಟಗಾರನ ಬೆನ್ನಿಗೆ ಅಂಟಿಕೊಂಡು ಓಡೋದು ಅವನ ಕೆಲಸ. ಅವನು ನಿಜಕ್ಕೂ ಚೆನ್ನಾಗಿದ್ದರೆ ಕ್ವಾರ್ಟರ್‌ಬ್ಯಾಕ್ ಅವನ ಕಡೆಗೆ ಚೆಂಡನ್ನೇ ಎಸೆಯಲ್ಲ. ಚೆಂಡು ಬರದಿದ್ದರೆ ತಡೆಯೋಕೆ, ಕಸಿದುಕೊಳ್ಳೋಕೆ ಅವಕಾಶ ಇಲ್ಲ. ಅತ್ಯುತ್ತಮ ಆಟಗಾರನ ಸ್ಕೋರ್ ಕಾರ್ಡ್ ಖಾಲಿ ಖಾಲಿ. ಅದಕ್ಕೇ ಅಲ್ಲಿ ಕಾಲೇಜು ಹುಡುಗರನ್ನ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಅಳೆಯೋ ಜನ ಬರೀ ಅಂಕ ನೋಡಲ್ಲ. ಅವನ ಕಡೆ ಎಷ್ಟು ಸಲ ಎಸೆದರು, ಎಷ್ಟು ಸಲ ಎಸೆಯೋ ಧೈರ್ಯ ಮಾಡಲಿಲ್ಲ, ಸೊಂಟ ತಿರುಗಿಸೋ ವೇಗ ಎಷ್ಟು, ಕೈ ಎಷ್ಟು ಉದ್ದ ಅನ್ನೋದನ್ನೆಲ್ಲ ನೋಡ್ತಾರೆ. ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿವರ್ಷ ಕರೆಸಿ 40 ಗಜ ಓಡಿಸಿ ಸೆಕೆಂಡಿನ ನೂರನೇ ಭಾಗದವರೆಗೆ ಬರ್ಕೋತಾರೆ.

ಅಷ್ಟೆಲ್ಲ ಮಾಡಿಯೂ ಎಡವುತ್ತಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಚೆಂಡು ಹಿಡಿಯೋ ಜಾಗದಿಂದ ಕಾರ್ನರ್‌ಬ್ಯಾಕ್ ಜಾಗಕ್ಕೆ ಬಂದ ರಿಚರ್ಡ್ ಶೆರ್ಮನ್‌ನನ್ನ 2011ರಲ್ಲಿ ಆರಿಸಿದ್ದು ಐದನೇ ಸುತ್ತಿನಲ್ಲಿ, 154ನೆಯವನಾಗಿ. ಆಮೇಲೆ ಅವನು ಆ ಕಾಲದ ಅತ್ಯುತ್ತಮರಲ್ಲಿ ಒಬ್ಬನಾದ. ಮಾಲ್ಕಮ್ ಬಟ್ಲರ್ ಎಂಬ ಹುಡುಗನನ್ನ 2014ರ ಡ್ರಾಫ್ಟ್‌ನಲ್ಲಿ ಯಾರೂ ಕೇಳಲೇ ಇಲ್ಲ. ವೆಸ್ಟ್ ಅಲಬಾಮಾ ಅನ್ನೋ ಸಣ್ಣ ಕಾಲೇಜು, ನಡುವೆ ಕೋಳಿ ಕರಿಯೋ ಅಂಗಡಿಯಲ್ಲಿ ಕೆಲಸ. 2015ರ ಫೆಬ್ರವರಿ 1ರಂದು ಸೂಪರ್ ಬೌಲ್‌ನ ಕೊನೇ ನಿಮಿಷದಲ್ಲಿ ಗೋಲ್ ಗೆರೆ ಮೇಲೆ ಚೆಂಡು ಕಸಿದು ಪಂದ್ಯ ಗೆಲ್ಲಿಸಿದ್ದು ಅವನೇ.

ಅಮೆರಿಕದ ವ್ಯವಸ್ಥೆಯನ್ನ ಹೊಗಳೋದು ನನ್ನ ಉದ್ದೇಶ ಅಲ್ಲ. ಕಾಲೇಜು ಹುಡುಗರ ಬೆವರಲ್ಲಿ ವಿಶ್ವವಿದ್ಯಾಲಯಗಳು ಕೋಟಿ ಕೋಟಿ ಡಾಲರ್ ದುಡಿದವು, ಆ ಹುಡುಗರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಿಕೊಳ್ಳೋಕೆ ಅನುಮತಿ ಸಿಕ್ಕಿದ್ದೇ 2021ರಲ್ಲಿ. ನಾನು ಹೇಳೋದು ಇಷ್ಟೇ: ಬಟ್ಲರ್‌ನನ್ನ ಯಾರೂ ಆರಿಸದಿದ್ದರೂ ಅವನು ಆಡಿದ ಪಂದ್ಯಗಳ ವಿಡಿಯೋ ಇತ್ತು. ಯಾರಾದರೂ ಕೂತು ನೋಡಬಹುದಿತ್ತು. ನಮ್ಮಲ್ಲಿ ಕಾಲೇಜು ಕಬಡ್ಡಿಯ ದಾಖಲೆ ಅಂದರೆ ಅಂಪೈರ್ ಟೇಬಲ್ ಮೇಲಿನ ಒಂದು ಸ್ಕೋರ್ ಶೀಟು. ಪಂದ್ಯ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದರೂ ಕೇಳಿ ನೋಡಿ.

ಕಿರುಗಾವಲು ಕಡೆಗೆ ಬರೋಣ. ಬನ್ನೂರು–ಮಳವಳ್ಳಿ ರಸ್ತೆಯ ಹೋಬಳಿ ಕೇಂದ್ರ, ಕಾಲುವೆ ನೀರು, ಭತ್ತ, ಕಬ್ಬು, ರೇಷ್ಮೆ. ಕಬಡ್ಡಿ ಇಲ್ಲಿ ಕೋಚಿಂಗ್ ಸೆಂಟರ್ ಆಟ ಅಲ್ಲ, ಊರಾಟ. ಊರಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ನಾಯಕರ ಹುಟ್ಟುಹಬ್ಬಕ್ಕೆ ಹೊನಲು ಬೆಳಕಿನ ಪಂದ್ಯಾವಳಿ ಇಡ್ತಾರೆ. ಫ್ಲೆಕ್ಸ್‌ನಲ್ಲಿ ಆಟಗಾರರ ಹೆಸರಿರಲ್ಲ, ಬಹುಮಾನ ಕೊಡೋರ ಮುಖ ಇರುತ್ತೆ. ಪಂದ್ಯದ ನಡುವೆ ಗಣ್ಯರು ಬಂದರೆ ಆಟ ನಿಲ್ಲಿಸಿ ಶಾಲು, ಹಾರ, ಭಾಷಣ. ಮೈ ಬಿಸಿಯಾಗಿದ್ದ ಹುಡುಗರು ಅರ್ಧ ಗಂಟೆ ಚಳಿಯಲ್ಲಿ ನಿಂತು ಆಮೇಲೆ ಆಡಬೇಕು. ಮಂಡಿ ತಿರುಚಿಕೊಳ್ಳೋದು ಇಂಥ ಹೊತ್ತಲ್ಲೇ.

ಇಂಥದ್ದೇ ಒಂದು ರಾತ್ರಿ ಆ ಹೋಬಳಿಯಲ್ಲಿ ಒಬ್ಬ ಲೆಫ್ಟ್ ಕಾರ್ನರ್ ಹುಡುಗನನ್ನ ನೋಡಿದೆ. ಡಿಗ್ರಿ ಎರಡನೇ ವರ್ಷ. ಹೆಸರು ಬರೆಯಲ್ಲ. ಎತ್ತರ ಸಾಧಾರಣ, ಮೈಕಟ್ಟೂ ಸಾಧಾರಣ. ಎರಡು ಪಂದ್ಯದಲ್ಲಿ ಅವನು ಹಿಡಿದಿದ್ದು ಕಡಿಮೆ. ಆದರೆ ಎದುರಾಳಿ ರೇಡರ್‌ಗಳು ಮತ್ತೆ ಮತ್ತೆ ಇನ್ನೊಂದು ತುದಿಗೇ ಹೋಗ್ತಿದ್ದರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರನ್ನ ಕೇಳಿದೆ, "ಯಾಕಣ್ಣ ಆ ಕಡೆ ಯಾರೂ ಹೋಗ್ತಿಲ್ಲ?" "ಅವ್ನ್ ಕೈಗ್ ಕಾಲ್ ಸಿಕ್ರೆ ಬುಡ್ತಾನಾ? ಊರೂರ್ಗೂ ಗೊತ್ತು ಕಣಪ್ಪ" ಅಂದರು. ಆ ಒಂದು ಮಾತಿನಲ್ಲಿದ್ದ ವಿಶ್ಲೇಷಣೆ ಯಾವ ಸ್ಕೋರ್ ಶೀಟಿನಲ್ಲೂ ಇರಲಿಲ್ಲ. ಅವತ್ತು 'ಬೆಸ್ಟ್ ಕ್ಯಾಚರ್' ಟ್ರೋಫಿ ಸಿಕ್ಕಿದ್ದು ಬೇರೆ ಹುಡುಗನಿಗೆ.

ಹಾಗಂತ ಆ ಹುಡುಗ ಪ್ರೊ ಕಬಡ್ಡಿಗೆ ತಯಾರು ಅಂತ ನಾನು ಹೇಳಲ್ಲ. ಎರಡು ಪಂದ್ಯ ನೋಡಿ ಹೇಳೋಕೆ ಸಾಧ್ಯವೇ ಇಲ್ಲ. ಇಲ್ಲೂ ಒಂದು ಲೆಕ್ಕ ಇದೆ. ಆಯ್ಕೆ ಟ್ರಯಲ್ಸ್‌ನಲ್ಲಿ ಒಬ್ಬನಿಗೆ ಹತ್ತು ಸಲ ಹಿಡಿಯೋ ಅವಕಾಶ ಸಿಗುತ್ತೆ ಅಂದುಕೊಳ್ಳಿ. ನಿಜವಾದ ಸಾಮರ್ಥ್ಯ ಶೇ 40 ಇರೋ ಹುಡುಗನೂ ಸುಮಾರು ಆರು ಸಲಕ್ಕೆ ಒಂದು ಸಲ ಹತ್ತರಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಹಿಡಿದೇ ಹಿಡೀತಾನೆ, ಬರೀ ಅದೃಷ್ಟದಿಂದ. ಶೇ 50 ಇರೋನು ನೂರರಲ್ಲಿ 38 ಸಲ ಹಾಗೆ ಮಿಂಚ್ತಾನೆ. ಅಂದರೆ ಒಂದೇ ದಿನದ ಟ್ರಯಲ್ಸ್ ಅನ್ನೋದು ಹೆಚ್ಚುಕಮ್ಮಿ ಚೀಟಿ ಎತ್ತಿದ ಹಾಗೆ. ಸಂಖ್ಯೆ ಸಾಲದೇ ಹೋದಾಗ ಆರಿಸೋರು ಏನು ನೋಡ್ತಾರೆ? ಎತ್ತರ, ತೂಕ, ಮತ್ತೆ ನಮ್ಮೂರಿನ ಹಳೇ ಪ್ರಶ್ನೆ: "ಯಾರ ಕಡೆ ಹುಡುಗ?"

ಮಣ್ಣು, ಮ್ಯಾಟ್ ಅನ್ನೋ ವ್ಯತ್ಯಾಸವನ್ನ ಜನ ಹಗುರವಾಗಿ ತಗೋತಾರೆ. ಕಾರ್ನರ್‌ಗೆ ಅದೇ ಜೀವ. ಮಣ್ಣಿನಲ್ಲಿ ಬರಿಗಾಲು, ರೇಡರ್‌ನ ಪಾದ ಸ್ವಲ್ಪ ಜಾರುತ್ತೆ, ಹಿಡಿದ ಕಾರ್ನರ್ ಕೂಡ ಜಾರಿಕೊಂಡೇ ಹೋಗ್ತಾನೆ. ಮ್ಯಾಟ್ ಮೇಲೆ ಶೂ ಕಚ್ಚಿಕೊಳ್ಳುತ್ತೆ, ರೇಡರ್ ಒಂದೇ ಹೆಜ್ಜೆಯಲ್ಲಿ ದಿಕ್ಕು ಬದಲಿಸ್ತಾನೆ, ನಿಮ್ಮ ಲೆಕ್ಕಾಚಾರ ಕಣ್ಣು ಮಿಟುಕಿಸೋದ್ರಲ್ಲಿ ತಪ್ಪುತ್ತೆ. ಹತ್ತು ವರ್ಷ ಮಣ್ಣಲ್ಲಿ ಕಲಿತ ಟೈಮಿಂಗನ್ನ ಟ್ರಯಲ್ಸ್ ದಿನ ಮ್ಯಾಟ್ ಮೇಲೆ ತೋರಿಸು ಅಂದರೆ ಹುಡುಗ ದಡ್ಡನ ಹಾಗೆ ಕಾಣ್ತಾನೆ. ರೇಡರ್‌ಗೆ ಈ ತೊಂದರೆ ಇಷ್ಟಿಲ್ಲ, ಅವನ ವೇಗ ಎಲ್ಲಿದ್ದರೂ ಕಣ್ಣಿಗೆ ಹೊಡೆಯುತ್ತೆ. ಹಳ್ಳಿಯ ಡಿಫೆಂಡರ್‌ಗಳು ಸೋಸಿ ಹೋಗೋದರಲ್ಲಿ ಇದರ ಪಾಲು ದೊಡ್ಡದು ಅನ್ನೋದು ನನ್ನ ಅಂದಾಜು.

ಕಿರುಗಾವಲಿನ ಹೆಸರು ನೀವು ಕೇಳಿದ್ದರೆ ಬಹುಶಃ ಕಬಡ್ಡಿಯಿಂದಲ್ಲ, ಸೈಯದ್ ಘನಿ ಖಾನ್ ಅವರಿಂದ. ನೂರಾರು ದೇಸಿ ಭತ್ತದ ತಳಿಗಳನ್ನ ತಮ್ಮ ಹೊಲದಲ್ಲೇ ಬೆಳೆದು ಉಳಿಸಿಕೊಂಡು ಬಂದ ರೈತ. ಇಳುವರಿ ಅನ್ನೋ ಒಂದೇ ಕಾಲಂ ಇಟ್ಟುಕೊಂಡು ಅಳೆದಿದ್ದರಿಂದಲೇ ಬರ ತಡೆಯೋ, ನೀರು ನಿಂತರೂ ಬದುಕೋ ತಳಿಗಳು ನಮ್ಮ ಗದ್ದೆಯಿಂದ ಮಾಯವಾದವು. ಕಬಡ್ಡಿಗೂ ಭತ್ತಕ್ಕೂ ಏನು ಸಂಬಂಧ ಅಂತ ನಗಬೇಡಿ, ಅದೇ ಊರು ಅಂತ ನೆನಪಾಯಿತು.

ಲೀಗ್‌ನವರು ಹುಡುಕ್ತಿಲ್ಲ ಅಂತಲ್ಲ. 'ಫ್ಯೂಚರ್ ಕಬಡ್ಡಿ ಹೀರೋಸ್' ಅಂತ ಯುವಕರನ್ನ ಹುಡುಕೋ ಕಾರ್ಯಕ್ರಮ ನಡೆಸಿದರು. 'ನ್ಯೂ ಯಂಗ್ ಪ್ಲೇಯರ್' ಅನ್ನೋ ವರ್ಗದಲ್ಲಿ ತಂಡಗಳು ಹೊಸಬರನ್ನ ಸೇರಿಸಿಕೊಳ್ತವೆ. ನವೀನ್ ಕುಮಾರ್ 2018ರಲ್ಲಿ ದಬಂಗ್ ಡೆಲ್ಲಿಗೆ ಬಂದಿದ್ದು ಆ ಬಾಗಿಲಿನಿಂದಲೇ. ಹರಾಜಿನಲ್ಲಿ 'ಡಿ' ವರ್ಗದ ಮೂಲಬೆಲೆಯೇ 9 ಲಕ್ಷ, ಹಳ್ಳಿ ಹುಡುಗನಿಗೆ ಅದು ಬದುಕು ಬದಲಿಸೋ ಮೊತ್ತ. ಆದರೆ ಫ್ರಾಂಚೈಸಿ ಒಂದು ಕಂಪನಿ. ಖಚಿತವಾಗಿ ಸಿಗೋ ಕಡೆ ಹೋಗಿ ಹುಡುಕುತ್ತೆ. ದೆಹಲಿ ಅಂಚಿನ ನಿಜಾಮ್‌ಪುರ ಅನ್ನೋ ಒಂದೇ ಊರಿನಿಂದ ರಾಕೇಶ್ ಕುಮಾರ್, ಮಂಜೀತ್ ಛಿಲ್ಲರ್ ಇಬ್ಬರೂ ಬಂದಿದ್ದಾರೆ. ಮತ್ತೆ ಅಲ್ಲಿಗೇ ಹೋಗೋದು ಅವರ ಲೆಕ್ಕದಲ್ಲಿ ಸರಿ. 2019ರ ಜನವರಿ 5ರಂದು ಬುಲ್ಸ್ ಕಪ್ ಗೆದ್ದಾಗ ಊರೆಲ್ಲ ಪಟಾಕಿ ಹೊಡೆದೆವು. ಆ ಫೈನಲ್‌ನಲ್ಲಿ 22 ರೇಡ್ ಅಂಕ ತಂದ ಪವನ್ ಸೆಹ್ರಾವತ್, ನಾಯಕ ರೋಹಿತ್ ಕುಮಾರ್ ಇಬ್ಬರೂ ದೆಹಲಿ–ಹರಿಯಾಣ ಸೀಮೆಯವರು. "ಬುಲ್ಸ್‌ನಲ್ಲಿ ಕನ್ನಡಿಗರೆಲ್ಲಿ?" ಅನ್ನೋ ಸಿಟ್ಟು ನನಗೂ ಅರ್ಥವಾಗುತ್ತೆ. ಆದರೆ ಅದನ್ನ ಫ್ರಾಂಚೈಸಿ ಮೇಲೆ ಮಾತ್ರ ತೀರಿಸಿಕೊಂಡರೆ ಗುರಿ ತಪ್ಪುತ್ತೆ.

ಕರ್ನಾಟಕದಲ್ಲಿ ತಿಳಿವಳಿಕೆ ಇಲ್ಲದೆ ಹೀಗಾಗಿಲ್ಲ. ನಮ್ಮವರೇ ಆದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 10ನೇ ಆವೃತ್ತಿಯಲ್ಲಿ ಪುಣೇರಿ ಪಲ್ಟನ್‌ಗೆ ಕೋಚ್ ಆಗಿ ಕಪ್ ಗೆಲ್ಲಿಸಿದವರು. 12ನೇ ಆವೃತ್ತಿಗೆ ಬುಲ್ಸ್ ಕೋಚ್ ಆಗಿ ಬಂದರು. ಕಾರ್ಕಳ ಕಡೆಯ ಮಮತಾ ಪೂಜಾರಿ 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದವರು. ಕರಾವಳಿಯಿಂದ ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ ಲೀಗ್‌ನಲ್ಲಿ ಹೆಸರು ಮಾಡಿದರು. ಗಮನಿಸಿ, ಇವರಿಬ್ಬರೂ ರೇಡರ್‌ಗಳು. ಕಣ್ಣಿಗೆ ಹೊಡೆಯೋ ವೇಗದ ಮಾತು ಆಗಲೇ ಹೇಳಿದೆ.

ಬಿದ್ದುಹೋಗಿರೋದು ನಡುವಿನ ಮೆಟ್ಟಿಲುಗಳು. ಹಿಂದೆ ಬ್ಯಾಂಕ್, ರೈಲ್ವೆ, ಪೊಲೀಸ್ ತಂಡಗಳು ಹುಡುಗರಿಗೆ ಕೆಲಸ ಕೊಟ್ಟು ವರ್ಷಗಟ್ಟಲೆ ಆಡಿಸ್ತಿದ್ದವು. ಕಬಡ್ಡಿ ತಂಡ ಸಾಕಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಗಿ ಆ ಹೆಸರೇ ಅಳಿಸಿಹೋಯಿತು. ಆಗ ನಾವು ಮಾತಾಡಿದ್ದು ಕನ್ನಡದ ಬ್ಯಾಂಕಿನ ಬಗ್ಗೆ, ಕೌಂಟರಿನಲ್ಲಿ ಕನ್ನಡದ ಬಗ್ಗೆ. ಅದರ ಹೊಟ್ಟೆಯಲ್ಲಿ ಆಟಗಾರರ ಒಂದು ದಾರಿಯೂ ಇತ್ತು ಅಂತ ಬಹಳ ಜನಕ್ಕೆ ಹೊಳೆಯಲಿಲ್ಲ. ಕಾರ್ನರ್ ಅನ್ನೋನು ಮಾಗೋಕೆ ಸಮಯ ಬೇಕು, ನೂರಾರು ರೇಡರ್‌ಗಳ ಪಾದ ನೋಡಿರಬೇಕು. ಸಂಬಳ ಕೊಟ್ಟು ಕಾಯೋ ಸಂಸ್ಥೆ ಇಲ್ಲದಿದ್ದರೆ ಇಪ್ಪತ್ತೆರಡಕ್ಕೇ ಹುಡುಗ ಮೈಸೂರಿನ ಫ್ಯಾಕ್ಟರಿಗೋ ಬೆಂಗಳೂರಿನ ಡೆಲಿವರಿ ಬೈಕಿಗೋ ಹೋಗ್ತಾನೆ. ಹೆಣ್ಣುಮಕ್ಕಳಿಗೆ ಪ್ರೊ ಕಬಡ್ಡಿಯ ಕನಸೂ ಇಲ್ಲ. 2016ರಲ್ಲಿ ಮೂರು ತಂಡ ಕಟ್ಟಿ ಮಹಿಳಾ ಕಬಡ್ಡಿ ಚಾಲೆಂಜ್ ಅಂತ ನಡೆಸಿದರು, ಅದರ ಮುಂದಿನ ಅಧ್ಯಾಯ ಬರೆಯಲೇ ಇಲ್ಲ.

ಮೇಲಿನ ಆಡಳಿತ ಕೇಳಲೇಬೇಡಿ. ಅಖಿಲ ಭಾರತ ಅಮೆಚೂರ್ ಕಬಡ್ಡಿ ಫೆಡರೇಷನ್ನು ದಶಕಗಳ ಕಾಲ ಒಂದು ಕುಟುಂಬದ ಹಿಡಿತದಲ್ಲಿತ್ತು. ಗಂಡ ಆಜೀವ ಅಧ್ಯಕ್ಷ, ಹೆಂಡತಿ ಅಧ್ಯಕ್ಷೆ. ಮಾಜಿ ಆಟಗಾರರು ಕೋರ್ಟಿಗೆ ಹೋಗಿ, 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನ ರದ್ದು ಮಾಡಿ ಆಡಳಿತಾಧಿಕಾರಿಯನ್ನ ಕೂರಿಸಿತು. ಚುನಾಯಿತ ಮಂಡಳಿಗೆ ಅಧಿಕಾರ ಹಸ್ತಾಂತರ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಫೆಬ್ರವರಿಯಲ್ಲಿ. ಆರೂವರೆ ವರ್ಷ. ಈ ಅವಧಿಯಲ್ಲೇ ಹರಾಜಿನ ಬೆಲೆಗಳು ಎರಡು ಕೋಟಿ ದಾಟಿದ್ದು.

ಹಾಗಾದರೆ ಏನು ಕೇಳೋಣ? ನನ್ನ ಬೇಡಿಕೆ ಸಣ್ಣದು, ಅದಕ್ಕೆ ಕ್ರೀಡಾ ವಿಶ್ವವಿದ್ಯಾಲಯ ಕಟ್ಟಬೇಕಾಗಿಲ್ಲ. ಅಂತರ ಕಾಲೇಜು ಪಂದ್ಯಗಳಿಂದ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ, ಅಲ್ಲಿಂದ ಅಖಿಲ ಭಾರತ. ಈ ಏಣಿ ಕಾಗದದ ಮೇಲೆ ಈಗಲೂ ಇದೆ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲೇ ನಡೆಯಿತು. ಈ ಏಣಿಯ ಕೆಳಗಿನ ಮೆಟ್ಟಿಲಲ್ಲಿ, ಅಂದರೆ ಕಾಲೇಜುಗಳ ನಡುವಿನ ಪಂದ್ಯದಲ್ಲಿ, ಅಂಕಣದ ಹಿಂದೆ ಎತ್ತರದಲ್ಲಿ ಒಂದು ಮೊಬೈಲ್ ಕಟ್ಟಿ ಪೂರ್ತಿ ಪಂದ್ಯ ರೆಕಾರ್ಡ್ ಮಾಡಬೇಕು. ವಿಡಿಯೋ ಮತ್ತೆ ಸ್ಕೋರ್ ಶೀಟು ಎರಡನ್ನೂ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗ ಸಾರ್ವಜನಿಕವಾಗಿ ಇಡಬೇಕು. ಶೀಟಿನಲ್ಲಿ ಮೂರು ಕಾಲಂ ಹೆಚ್ಚು ಹಾಕಿ: ರೇಡ್ ಯಾವ ಕಾರ್ನರ್ ಕಡೆ ಬಂತು, ಹಿಡಿಯೋ ಪ್ರಯತ್ನ ಆಯ್ತಾ, ಖಾಲಿ ಹೋಯ್ತಾ. ಪಂದ್ಯಕ್ಕೆ ಒಬ್ಬ ವಿದ್ಯಾರ್ಥಿ ಕೂತರೆ ಆಗೋ ಕೆಲಸ.

ಆಗ ಯಾರೂ ಹೋಗದ ಕಡೆ ನಿಂತ ಹುಡುಗ ಲೆಕ್ಕಕ್ಕೆ ಸಿಗ್ತಾನೆ. ಆಯ್ಕೆ ಸಮಿತಿ ಒಬ್ಬನನ್ನ ಬಿಟ್ಟು ಇನ್ನೊಬ್ಬನನ್ನ ತಗೊಂಡರೆ ಯಾಕೆ ಅಂತ ಕೇಳೋಕೆ ಅವನ ಅಪ್ಪನ ಕೈಯಲ್ಲಿ ಒಂದು ಹಾಳೆ ಇರುತ್ತೆ. ಈ ಪ್ರಸ್ತಾಪ ಬಹಳ ಜನಕ್ಕೆ ಇಷ್ಟವಾಗದೇ ಇರೋಕೆ ಕಾರಣವೂ ಅದೇ ಅಂತ ನನಗನಿಸುತ್ತೆ. ದಾಖಲೆ ಇಲ್ಲದ ಕಡೆ ಆರಿಸೋನ ಅಧಿಕಾರಕ್ಕೆ ಮಿತಿ ಇರಲ್ಲ. ಪೊಲೀಸ್, ಅರಣ್ಯ ಇಲಾಖೆಗಳ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಮೀಸಲಾತಿ ಇದೆ. ಅಲ್ಲಿ ಬೆಲೆ ಬರೋದು ಪ್ರಮಾಣಪತ್ರಕ್ಕೆ, ಪ್ರಮಾಣಪತ್ರ ಸಿಗೋದು ತಂಡದಲ್ಲಿ ಜಾಗ ಸಿಕ್ಕೋನಿಗೆ. ಕಾಲೇಜು ತಂಡದ ಏಳು ಜನರ ಪಟ್ಟಿ ಅನ್ನೋದು ಬರೀ ಆಟದ ವಿಷಯ ಅಲ್ಲ, ಸರ್ಕಾರಿ ಕೆಲಸದ ಸರದಿಯ ಮೊದಲ ಚೀಟಿ.

ಮಳವಳ್ಳಿ, ಮದ್ದೂರು, ಮಂಡ್ಯ ಕಡೆ ಓದ್ತಿರೋರು ಈ ಬರಹ ನೋಡ್ತಿದ್ದರೆ, ನಿಮ್ಮ ಕಾಲೇಜಿನ ಹಿಂದಿನ ವರ್ಷದ ಅಂತರ ಕಾಲೇಜು ಪಂದ್ಯದ ಸ್ಕೋರ್ ಶೀಟು ಕೊಡಿ ಅಂತ ಒಂದು ಆರ್‌ಟಿಐ ಅರ್ಜಿ ಹಾಕಿ. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ ಎರಡೂ ಆ ಕಾಯ್ದೆಯ ಅಡಿ ಬರ್ತವೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರ ನನಗೂ ಕಳಿಸಿ.